ಓಪಲೈನಾ ಯಾರ ನೆಂಟ?

ಛತ್ರಪತಿ ಸಂಭಾಜಿನಗರದಲ್ಲಿ ಬಿ.ಎಸ್ಸಿ. ಓದುತ್ತಿರುವ ಮಗಳು ರಜೆಗೆಂದು ನಾಸಿಕದ ಮನೆಗೆ ಬಂದಾಗ ತನ್ನ ಪ್ರಯೋಗ ಪುಸ್ತಕದ ಒಂದು ಪುಟವನ್ನು ನನ್ನ ಮುಂದೆ ಹಿಡಿದಳು. ಕಪ್ಪೆಯ ಕರುಳಿನಲ್ಲಿ ವಾಸಿಸುವ ಓಪಲೈನಾ ಎಂಬ ಏಕಕೋಶ ಜೀವಿಯನ್ನು ಅವಳು ಸಿಲಿಯೇಟ್‌ಗಳ, ಅಂದರೆ ರೋಮದಂತಹ ಲೋಮಾಂಗಗಳಿಂದ ಈಜುವ ಜೀವಿಗಳ, ಗುಂಪಿಗೆ ಸೇರಿಸಿದ್ದಳು. ಅದರ ಮೇಲೆ ಕೆಂಪು ಗೀಟು ಬಿದ್ದಿತ್ತು. ನನ್ನ ಅಣ್ಣ ಧಾರವಾಡದಲ್ಲಿ ಓದುವಾಗ ಕೊಂಡ, ಆಗಲೇ ಬಲು ಹಳತಾಗಿದ್ದ ಪುಸ್ತಕವೊಂದು ನನ್ನ ವರ್ಗಾವಣೆಗಳ ಜೊತೆ ಇಲ್ಲಿಯವರೆಗೆ ಬಂದಿದೆ. ಅವಳು ನೆಚ್ಚಿದ್ದು ಅದನ್ನು. "ದೊಡ್ಡಪ್ಪನ ಪುಸ್ತಕದಾಗ ಹಿಂಗs ಐತಲ್ಲಪ್ಪ?" ಎಂದಳು. ಇಂಗ್ಲಿಷ್ ಎಂ.ಎ. ಮಾಡಿದ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕಬೇಕಾಯಿತು.

ಲೇವನ್‌ಹುಕ್ 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ವರ್ಣಿಸಿದ ಕಿರುಜೀವಿಗಳಲ್ಲಿ ಸಿಲಿಯೇಟ್‌ಗಳೂ ಇದ್ದವು. ಹುಲ್ಲು ನೆನೆಸಿದ ನೀರಿನಲ್ಲಿ ಹುಟ್ಟುವಂತೆ ತೋರುತ್ತಿದ್ದ ಇಂತಹ ಜೀವಿಗಳಿಗೆ ಹದಿನೆಂಟನೆಯ ಶತಮಾನದಲ್ಲಿ 'ಇನ್ಫ್ಯೂಸೋರಿಯ' ಎಂಬ ಹೆಸರು ಬಂತು; ಕಂಡದ್ದೆಲ್ಲವನ್ನೂ ತುಂಬುವ ಗೋಣಿಚೀಲವದು. ಜರ್ಮನಿಯ ಏರನ್‌ಬರ್ಗ್ ಅವುಗಳಿಗೆ ನೀಲಿ ಬಣ್ಣವನ್ನು ಉಣಿಸಿ, ಒಡಲೊಳಗೆ ಮೂಡಿದ ನೀಲಿ ಚುಕ್ಕೆಗಳನ್ನು ಹೊಟ್ಟೆಗಳೆಂದೇ ಎಣಿಸಿದ. ಅವು ಪರಿಪೂರ್ಣ ಪ್ರಾಣಿಗಳೆಂದು 1838ರಲ್ಲಿ ಬೃಹತ್ ಗ್ರಂಥವನ್ನೇ ಬರೆದ. ಫ್ರಾನ್ಸಿನ ದುಜಾರ್ದ್ಯಾನ್ ಅದನ್ನು ಒಪ್ಪಲಿಲ್ಲ. ನಾವಿರುವ ಈ ಪ್ರಾಂತವೂ ಆ ಚರಿತ್ರೆಯಿಂದ ಹೊರಗಿಲ್ಲ: ಮುಂಬಯಿಯಲ್ಲಿ ಸೈನ್ಯದ ವೈದ್ಯನಾಗಿದ್ದ ಹೆನ್ರಿ ಜಾನ್ ಕಾರ್ಟರ್ ಆ ದ್ವೀಪದ ಸಿಹಿನೀರಿನ ಇನ್ಫ್ಯೂಸೋರಿಯಗಳನ್ನು ಕುರಿತು 1856ರಲ್ಲಿ ಟಿಪ್ಪಣಿಗಳನ್ನು ಪ್ರಕಟಿಸಿದ. 1936ರಲ್ಲಿ ಬಿ.ಎಲ್. ಭಾಟಿಯಾ ಅವರು 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಯಲ್ಲಿ ಈ ಲೋಮಾಂಗ ಜೀವಿಗಳಿಗೆಂದೇ ಒಂದು ಸಂಪುಟ ಬರೆದರು.

ಓಪಲೈನಾದ ಮೈತುಂಬ ಲೋಮಾಂಗಗಳಿವೆ, ಅದೂ ಸಾಲುಸಾಲಾಗಿ. ಆದುದರಿಂದ ಅಮೆರಿಕದ ಮೆಟ್‌ಕಾಫ್ ಅದನ್ನು ಆದಿಮ ಸಿಲಿಯೇಟ್ ಎಂದು ಪರಿಗಣಿಸಿ, 1918ರಲ್ಲಿ 'ಪ್ರೋಟೋಸಿಲಿಯೇಟ' ಎಂಬ ಗುಂಪನ್ನು ರಚಿಸಿದ. ಅಣ್ಣನ ಪುಸ್ತಕ ಹೇಳುವುದು ಇದನ್ನೇ. ಆದರೆ ಸಿಲಿಯೇಟ್‌ಗಳಲ್ಲಿ ದೊಡ್ಡದು, ಸಣ್ಣದು ಎಂದು ಎರಡು ಬಗೆಯ ಕೋಶಕೇಂದ್ರಗಳಿರುತ್ತವೆ. ಓಪಲೈನಾದಲ್ಲಿ ಕೋಶಕೇಂದ್ರಗಳು ಹಲವಾದರೂ ಎಲ್ಲವೂ ಒಂದೇ ಬಗೆಯವು. ಸಿಲಿಯೇಟ್ ಲೋಮಾಂಗಗಳ ಸಾಲನ್ನು ಅಡ್ಡ ಕತ್ತರಿಸಿದಂತೆ ಇಬ್ಭಾಗವಾದರೆ, ಓಪಲೈನಾ ಸಾಲುಗಳ ನಡುವೆ ಸೀಳಿಕೊಳ್ಳುತ್ತದೆ. ಇದು ಸಿಲಿಯೇಟೋ ಅಲ್ಲವೋ ಎಂದು ಜಾನ್ ಕಾರ್ಲಿಸ್ 1955ರಲ್ಲಿ ನೇರವಾಗಿ ಪ್ರಶ್ನಿಸಿದರು. (ತಪ್ಪು ಕೇಡರಿಗೆ ಸೇರಿದವನ ಕಡತ ಎಷ್ಟು ನಿಧಾನವಾಗಿ ಚಲಿಸುತ್ತದೆಂದು ನಮ್ಮಂಥ ನೌಕರರಿಗೆ ಬಿಡಿಸಿ ಹೇಳಬೇಕಿಲ್ಲ.) ಇಂದು ಓಪಲೈನಾದ ನೆಂಟರು ಡಯಾಟಂಗಳು ಮತ್ತು ಸಮುದ್ರದ ಕಂದು ಪಾಚಿಗಳು.

ಸಿಲಿಯೇಟ್‌ಗಳ ನಿಜವಾದ ದಾಯಾದಿ ಯಾರೆಂದು ತಿಳಿದಾಗ ನಾನು ಬೆಚ್ಚಿದೆ. ಹೊರಪೊರೆಯ ಕೆಳಗಿನ ಚಪ್ಪಟೆ ಚೀಲಗಳೂ ಆರ್‌ಎನ್‌ಎ ಹೋಲಿಕೆಯೂ ತೋರಿಸುವ ಪ್ರಕಾರ, ಮಲೇರಿಯಾದ ಪರೋಪಜೀವಿ ಅವುಗಳ ಹತ್ತಿರದ ಬಂಧು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಕಂಡದ್ದು ಅದನ್ನೇ. ಮಗಳು ಓದುವ ಊರೂ ಆಗ ಅದೇ ನಿಜಾಮನ ರಾಜ್ಯದಲ್ಲಿತ್ತು. ರಕ್ತದಲ್ಲಿರುವಾಗ ಮೈಮೇಲೆ ಒಂದು ರೋಮವೂ ಇಲ್ಲದ ಆ ಜೀವಿ, ಮಗಳು ಗೋದಾವರಿಯ ನೀರಿಗೆ ಹುಲ್ಲು ಹಾಕಿ ಬೆಳೆಸಿದ ಪ್ಯಾರಾಮೀಸಿಯಂನ ಬಳಗಕ್ಕೆ ಸೇರಿದ್ದು!

ಡೆನಿಸ್ ಲಿನ್ 2008ರ ತಮ್ಮ ಗ್ರಂಥದಲ್ಲಿ ಸಿಲಿಯೇಟ್‌ಗಳನ್ನು 11 ವರ್ಗಗಳಲ್ಲಿ ಹಂಚಿದ್ದರು. ಅನಂತರ ಇನ್ನೂ ಕೆಲವು ವರ್ಗಗಳು ಸೇರಿವೆ. ಮಗಳು ಪುಟವನ್ನು ತಿದ್ದಿ ಬರೆದಳು. ಅಣ್ಣನ ಪುಸ್ತಕದ ಅಂಚಿನಲ್ಲಿ ನಾನು ಪೆನ್ಸಿಲಿನಿಂದ '1955' ಎಂದು ಬರೆದು, ಅದನ್ನು ಮತ್ತೆ ಕಪಾಟಿನಲ್ಲಿಟ್ಟೆ.