ಗಡಿ ದಾಟಿದ ಸೈಲೆನ್ಸರ್

"ಬ್ಯಾಕ್ ಪ್ರೆಶರ್ ಇಲ್ದೇ ಹೋದ್ರೆ ಗಾಡಿ ಎಳೆಯಲ್ಲ ಸಾರ್" ಅನ್ನೋ ಮಾತನ್ನು ಕೇಳದ ಬೈಕ್ ಸವಾರ ನಮ್ಮ ಕಡೆ ಇರಲಿಕ್ಕಿಲ್ಲ. ಎರಡು ನಿಮಿಷ ಬಿಟ್ಟು ಅದೇ ಮೆಕ್ಯಾನಿಕ್ "ಬ್ಯಾಫಲ್ ತೆಗೆಸಿಬಿಡಿ, ಗಾಡಿ ಫ್ರೀ ಆಗುತ್ತೆ" ಅಂತಲೂ ಹೇಳ್ತಾನೆ. ಹೊಗೆಗೆ ಅಡ್ಡಿ ಬೇಕು ಅನ್ನೋದೂ ಅವನೇ, ಬೇಡ ಅನ್ನೋದೂ ಅವನೇ. ಅವನನ್ನು ನೋಡಿ ನಗೋದು ಸುಲಭ. ಆದರೆ ಈ ಎರಡು ಮಾತೂ ಎಲ್ಲಿಂದ ಹುಟ್ಟಿದವು ಅಂತ ಹುಡುಕುತ್ತಾ ಹೋದರೆ ದಾರಿ ಪೂರ್ವ ಜರ್ಮನಿಯ ಒಂದು ಸಣ್ಣ ಊರಿಗೆ ಹೋಗಿ ಮುಟ್ಟುತ್ತೆ.

ಸೈಲೆನ್ಸರ್ ಹುಟ್ಟಿದ್ದು ಎಂಜಿನ್ನಿನ ಒಳ್ಳೆಯದಕ್ಕಲ್ಲ, ಅಕ್ಕಪಕ್ಕದ ಮನೆಯವರ ಕಾಟಕ್ಕೆ. ಅಮೆರಿಕದ ರೀವ್ಸ್ ಸೋದರರು ಇಂಥದ್ದೊಂದು ಡಬ್ಬಿಗೆ 1897ರಲ್ಲೇ ಪೇಟೆಂಟ್ ಪಡೆದಿದ್ದರು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನ ಸುತ್ತಮುತ್ತಲಿನ ಜನ 1924ರಲ್ಲಿ ಸದ್ದು ತಡೆಯಲಾರದೆ ಕೋರ್ಟಿಗೆ ಹೋದರು. ಆಮೇಲೆ ಅಲ್ಲಿ ಓಡುವ ಪ್ರತಿ ಗಾಡಿಗೂ ದೊಡ್ಡ ಡಬ್ಬಿ ಕಟ್ಟಲೇಬೇಕು ಅಂತಾಯಿತು. "ಬ್ರೂಕ್‌ಲ್ಯಾಂಡ್ಸ್ ಕ್ಯಾನ್" ಅನ್ನೋ ಹೆಸರೇ ಬಂತು ಅದಕ್ಕೆ. ಡಬ್ಬಿಯೊಳಗೆ ತಡೆಗೋಡೆಗಳು, ತೂತಿನ ಕೊಳವೆಗಳು. ನಾವು ಬ್ಯಾಫಲ್ ಅನ್ನೋದು ಅದನ್ನೇ. ಹೊಗೆಯ ಒಂದೊಂದು ಹೊಡೆತವನ್ನೂ ಚೂರು ಚೂರು ಮಾಡಿ, ಸುತ್ತಾಡಿಸಿ, ಸುಸ್ತು ಮಾಡಿ ಹೊರಗೆ ಬಿಡೋದು ಅದರ ಕೆಲಸ. ರೇಸಿನವರ ಕಣ್ಣಿಗೆ ಅದೊಂದು ದಂಡ ಕಟ್ಟಿದ ಹಾಗೆ. ಬಿಚ್ಚಿ ಎಸೆದರೆ ವೇಗ ಜಾಸ್ತಿ ಅನ್ನೋ ನಂಬಿಕೆ ಅಲ್ಲಿಂದಲೇ ಗಟ್ಟಿಯಾಗಿದ್ದು.

ಟೂ ಸ್ಟ್ರೋಕ್ ಎಂಜಿನ್ನಿನ ಲೆಕ್ಕ ಮಾತ್ರ ಬೇರೆ. ಅದರಲ್ಲಿ ಫೋರ್ ಸ್ಟ್ರೋಕಿನ ಥರ ತೆರೆದು ಮುಚ್ಚುವ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ನೇ ಬಾಗಿಲು. ಹೊಗೆ ಹೋಗುವ ಕಿಂಡಿ, ಹೊಸ ಪೆಟ್ರೋಲು-ಗಾಳಿ ಬರುವ ಕಿಂಡಿ, ಎರಡೂ ಒಂದಷ್ಟು ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಹಾಗಾಗಿ ಹೊಗೆಯ ಬೆನ್ನಿಗೇ ಹೊಸ ಪೆಟ್ರೋಲೂ ಸ್ವಲ್ಪ ಆಚೆ ಹೊರಟುಬಿಡುತ್ತೆ. ಯುದ್ಧಕ್ಕೆ ಮುಂಚೆ ಜರ್ಮನಿಯ ಡಿಕೆಡಬ್ಲ್ಯು ಕಂಪನಿ ರೇಸ್ ಬೈಕಿಗೆ ಇನ್ನೊಂದು ಪಂಪ್ ಕೂರಿಸಿ, ಗಾಳಿ ತುರುಕಿ ಗೆಲ್ಲುತ್ತಿತ್ತು. ಯುದ್ಧ ಮುಗಿದ ಮೇಲೆ ಅಂತಹ ಸೂಪರ್‌ಚಾರ್ಜರ್‌ಗಳನ್ನು ರೇಸಿನಿಂದ ನಿಷೇಧಿಸಿದರು. ಟೂ ಸ್ಟ್ರೋಕ್ ಕಥೆ ಮುಗೀತು ಅಂತಲೇ ಎಲ್ಲರೂ ಅಂದುಕೊಂಡರು.

ಡಿಕೆಡಬ್ಲ್ಯು ಕಾರ್ಖಾನೆ ಇದ್ದ ಊರು ಚೋಪೌ. ಸ್ಯಾಕ್ಸನಿ ಪ್ರಾಂತ್ಯದ ಕೆಮ್ನಿಟ್ಸ್ ನಗರದ ಪಕ್ಕ. ಯುದ್ಧಾನಂತರ ಅದು ಪೂರ್ವ ಜರ್ಮನಿಯ ಪಾಲಿಗೆ ಹೋಗಿ, ಕಾರ್ಖಾನೆಗೆ ಎಂಝಡ್ ಅಂತ ಹೆಸರಾಯಿತು. 1953ರಲ್ಲಿ ಅಲ್ಲಿನ ರೇಸ್ ವಿಭಾಗಕ್ಕೆ ಬಂದವನು ವಾಲ್ಟರ್ ಕಾಡೆನ್. ಯುದ್ಧಕಾಲದಲ್ಲಿ ಹೆನ್ಶೆಲ್ ವಿಮಾನ ಕಂಪನಿಯ ಕ್ಷಿಪಣಿ ಕೆಲಸದಲ್ಲಿ ಇದ್ದ ಎಂಜಿನಿಯರ್. ದುಡ್ಡು ಕಮ್ಮಿ, ಒಳ್ಳೆಯ ಲೋಹ ಸಿಗಲ್ಲ, ಬಿಡಿಭಾಗಕ್ಕೂ ಪರದಾಟ. ಆದರೂ ಅವನ ಹತ್ತಿರ ಒಂದು ಆಸಿಲೋಸ್ಕೋಪ್ ಇತ್ತು. ಪೈಪಿನೊಳಗೆ ಒತ್ತಡ ಹೇಗೆ ಏರಿಳಿಯುತ್ತೆ ಅಂತ ಅದರಲ್ಲಿ ನೋಡುತ್ತಾ ಕೂತ.

ಅವನಿಗೆ ಕಂಡಿದ್ದು ಇದು: ಹೊಗೆ ಬರೀ ಹೊಗೆಯಾಗಿ ಹೋಗಲ್ಲ, ಅಲೆಯಾಗಿ ಹೋಗುತ್ತೆ. ಪೈಪು ಅಗಲವಾಗುವ ಕಡೆ ಅಲೆ ತಿರುಗುಮುರುಗಾಗಿ ವಾಪಸ್ ಬಂದು ಸಿಲಿಂಡರಿನಿಂದ ಎಳೆಯುತ್ತೆ. ಪೈಪು ಕಿರಿದಾಗುವ ಕಡೆ ಬಡಿದರೆ ವಾಪಸ್ ಬಂದು ತಳ್ಳುತ್ತೆ. ಹಾಗಾದರೆ ಪೈಪನ್ನು ಮೊದಲು ಊದಿಸಿ, ಆಮೇಲೆ ಕುಗ್ಗಿಸಿದರೆ? ಮೊದಲ ಕೋನ್ ಹೊಗೆಯನ್ನೂ ಅದರ ಹಿಂದೆ ಹೊಸ ಪೆಟ್ರೋಲನ್ನೂ ಎಳೆದುಕೊಳ್ಳುತ್ತೆ. ಎರಡನೇ ಕೋನಿಗೆ ಬಡಿದ ಅಲೆ, ಕಿಂಡಿ ಮುಚ್ಚುವ ಕೊನೇ ಗಳಿಗೆಯಲ್ಲಿ ಬಂದು, ಹೊರಗೆ ಬಿದ್ದ ಪೆಟ್ರೋಲನ್ನು ಒಳಕ್ಕೆ ನೂಕುತ್ತೆ. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿರುವವರನ್ನು ಕಂಡಕ್ಟರ್ ಒಳಕ್ಕೆ ದಬ್ಬಿ ಬಾಗಿಲು ಹಾಕಿದ ಹಾಗೆ. ಎರಿಕ್ ವೋಲ್ಫ್ ಅನ್ನೋ ಇನ್ನೊಬ್ಬ ಜರ್ಮನ್ ಇಂಥ ಪೈಪನ್ನು ಮೊದಲೇ ಡಿಕೆಡಬ್ಲ್ಯುಗೆ ಹಾಕಿದ್ದ. ಅಳತೆ ಮಾಡಿ ಅದನ್ನು ಶಾಸ್ತ್ರ ಮಾಡಿದ್ದು ಕಾಡೆನ್.

ಲೆಕ್ಕ ನಾವೇ ಹಾಕಿ ನೋಡಬಹುದು. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಎಂಜಿನ್ ನಿಮಿಷಕ್ಕೆ 10,800 ಸುತ್ತು ತಿರುಗಿದರೆ ಒಂದು ಸುತ್ತಿಗೆ 5.6 ಮಿಲಿಸೆಕೆಂಡ್. ಹೊಗೆ ಕಿಂಡಿ ತೆರೆದಿರೋದು ಅದರಲ್ಲಿ ಹೆಚ್ಚುಕಮ್ಮಿ ಅರ್ಧ, 2.8 ಮಿಲಿಸೆಕೆಂಡ್. ಅಷ್ಟರಲ್ಲಿ ಅಲೆ 1.4 ಮೀಟರ್ ಓಡುತ್ತೆ. ಹೋಗಿ ಬರಬೇಕಲ್ಲ, ಹಾಗಾಗಿ ಗೋಡೆ 70 ಸೆಂಟಿಮೀಟರ್ ಆಸುಪಾಸಿನಲ್ಲಿ ಇರಬೇಕು. ವೇಗ ಅರ್ಧಕ್ಕಿಳಿದರೆ ಅದೇ ಅಲೆ ತೀರಾ ಬೇಗ ಬಂದು ಕೆಲಸ ಕೆಡಿಸುತ್ತೆ. ಟೂ ಸ್ಟ್ರೋಕ್ ರೇಸ್ ಬೈಕು ಕೆಳಗೆ ಮಂಕಾಗಿ, ಒಂದು ಹಂತ ದಾಟಿದ ಕೂಡಲೇ ಭೂತ ಹೊಕ್ಕ ಹಾಗೆ ಎಗರೋದು ಇದಕ್ಕೇ.

1961ರ ಹೊತ್ತಿಗೆ ಎಂಝಡ್‌ನ 125 ಸಿಸಿ ಎಂಜಿನ್ 25 ಕುದುರೆ ಶಕ್ತಿ ಕೊಡುತ್ತಿತ್ತು. ಅಂದರೆ ಲೀಟರಿಗೆ 200. ಪಂಪಿನ ಸಹಾಯವಿಲ್ಲದೆ ಅಲ್ಲಿಯವರೆಗೆ ಯಾರೂ ಮುಟ್ಟದ ಗಡಿ ಅದು. ಹೋಲಿಕೆಗೆ ಹೇಳೋದಾದರೆ, ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿದ್ದೂ ಅದೇ 1961ರಲ್ಲಿ. ಅದರ 250 ಸಿಸಿ ಜಾವಾ ಕೊಡುತ್ತಿದ್ದದ್ದು ಸುಮಾರು 12.

ಆ ವರ್ಷ ಎಂಝಡ್‌ನ ಸವಾರ ಎರ್ನ್ಸ್ಟ್ ಡೆಗ್ನರ್ ವಿಶ್ವ ಚಾಂಪಿಯನ್ ಆಗೋ ಹಂತದಲ್ಲಿದ್ದ. ಅವನು ಬರೀ ಸವಾರನಲ್ಲ, ಎಂಜಿನ್ ಬಿಚ್ಚಿ ಕಟ್ಟಬಲ್ಲ ಎಂಜಿನಿಯರ್. ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರ್ 17ರಂದು ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ರೇಸಿನಲ್ಲಿ ಅವನ ಎಂಜಿನ್ ಕೈಕೊಟ್ಟಿತು. ಡೆಗ್ನರ್ ವಾಪಸ್ ಊರಿಗೆ ಹೋಗಲಿಲ್ಲ. ಡೆನ್ಮಾರ್ಕ್ ಮೂಲಕ ಪಶ್ಚಿಮ ಜರ್ಮನಿ ಸೇರಿದ. ಅವನ ಹೆಂಡತಿ, ಮಕ್ಕಳನ್ನು ಕಾರಿನಲ್ಲಿ ಬಚ್ಚಿಟ್ಟು ಗಡಿ ದಾಟಿಸಲಾಗಿತ್ತು. ಅವನು ಹೋಗಿ ಸೇರಿದ್ದು ಜಪಾನಿನ ಸುಜುಕಿಯನ್ನು. 1962ರಲ್ಲಿ ಸುಜುಕಿ ಅವನ ಕೈಯಲ್ಲೇ 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದಿತು. ಟೂ ಸ್ಟ್ರೋಕ್ ಬೈಕೊಂದು ಗೆದ್ದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಅದು. ನನ್ನಂಥ ಸಾಫ್ಟ್‌ವೇರ್‌ನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಸೋರ್ಸ್ ಕೋಡ್ ತಲೆಯಲ್ಲೇ ಇಟ್ಟುಕೊಂಡು ರಾತ್ರೋರಾತ್ರಿ ಕಂಪನಿ ಬದಲಾಯಿಸಿದ ಹಾಗೆ.

ಡೆಗ್ನರ್ ತಪ್ಪು ಮಾಡಿದನಾ? ಗೋಡೆಯ ಆಚೆ ಬದುಕು ಬಯಸಿದವನನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಕಾಡೆನ್‌ನ ಕಡೆಯಿಂದ ನೋಡಿದರೆ ಹೊಟ್ಟೆ ಕಿವುಚುತ್ತೆ. ಎಂಟು ವರ್ಷದ ದುಡಿಮೆ ಒಂದೇ ವರ್ಷದಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಗೆದ್ದಿತು. ಎಂಝಡ್‌ಗೆ ಮುಂದೆಂದೂ ವಿಶ್ವ ಚಾಂಪಿಯನ್ ಪಟ್ಟ ದಕ್ಕಲಿಲ್ಲ. ಅವನು ಮಾತ್ರ ಅದೇ ಊರಲ್ಲೇ ಉಳಿದ.

ಇತ್ತ ಆ ಪೈಪು ಜಪಾನಿನ ಎಲ್ಲ ಕಂಪನಿಗಳಿಗೂ ಹಬ್ಬಿತು. ಯಮಹಾದ್ದು ಇನ್ನೂ ತಮಾಷೆ. 1955ರಲ್ಲಿ ಅದು ಮಾಡಿದ ಮೊಟ್ಟಮೊದಲ ಬೈಕ್ ವೈಎ-1, ಚೋಪೌನ ಡಿಕೆಡಬ್ಲ್ಯು ಆರ್‌ಟಿ 125ರ ನಕಲು. ಬೈಕೂ ಅಲ್ಲಿಯದೇ, ಪೈಪಿನ ವಿದ್ಯೆಯೂ ಅಲ್ಲಿಯದೇ. ನಮ್ಮಲ್ಲಿಗೆ 1985ರಲ್ಲಿ ಬಂದ ಆರ್‌ಎಕ್ಸ್ 100 ಅದೇ ವಂಶದ ಕುಡಿ. 98 ಸಿಸಿಯಲ್ಲಿ 11 ಕುದುರೆ ಶಕ್ತಿ. ನಮ್ಮ ಹುಡುಗರು ಹಾಡಿನಂತೆ ಕೇಳುತ್ತಿದ್ದ ಆ ಸದ್ದು ಹುಟ್ಟುತ್ತಿದ್ದದ್ದು ಕೋನ್ ಮತ್ತು ಬ್ಯಾಫಲ್ ಎರಡನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡ ಸೈಲೆನ್ಸರಿನಲ್ಲಿ. ಜಾವಾಕ್ಕೂ ಸ್ಯಾಕ್ಸನಿಯ ನಂಟಿದೆ. 1929ರಲ್ಲಿ ಯಾನೆಚೆಕ್ ಅನ್ನೋ ಚೆಕ್ ಉದ್ಯಮಿ ಕೆಮ್ನಿಟ್ಸ್‌ನ ವಾಂಡರರ್ ಕಂಪನಿಯ ಬೈಕ್ ವ್ಯವಹಾರ ಕೊಂಡ, ಎರಡು ಹೆಸರಿನ ಮೊದಲಕ್ಷರ ಸೇರಿಸಿ ಜಾವಾ ಮಾಡಿದ.

ಜಾವಾ, ಯೆಜ್ಡಿಗಳದ್ದು ಕಾಡೆನ್ ಪೈಪಲ್ಲ. ಒಂದೇ ಸಿಲಿಂಡರಿಗೆ ಎರಡು ಉದ್ದನೆಯ ಸೈಲೆನ್ಸರ್, ಒಳಗೆ ಬ್ಯಾಫಲ್. ಪೆಟ್ರೋಲಿಗೆ ಬೆರೆಸಿದ ಆಯಿಲ್ ಸುಟ್ಟು ಬ್ಯಾಫಲ್ ತೂತುಗಳಲ್ಲಿ ಕರಿ ಕಟ್ಟುತ್ತಿತ್ತು. ಹಳ್ಳಿಗಳಲ್ಲಿ ಹಾಲಿನ ಕ್ಯಾನ್ ಹೊತ್ತ ಯೆಜ್ಡಿ ದಿಣ್ಣೆ ಹತ್ತಲಿಲ್ಲ ಅಂದರೆ ಮೊದಲ ಮದ್ದು, ಬ್ಯಾಫಲ್ ಎಳೆದು ಬೆಂಕಿಗೆ ಹಾಕಿ, ಸುಟ್ಟು, ಕಲ್ಲಿಗೆ ಕುಟ್ಟಿ ಮಸಿ ಉದುರಿಸೋದು. ಗಾಡಿ ನಿಜವಾಗಿಯೂ "ಫ್ರೀ" ಆಗುತ್ತಿತ್ತು. ಬ್ಯಾಫಲ್ಲೇ ಬೇಡ ಅನ್ನೋ ತೀರ್ಮಾನಕ್ಕೆ ಜನ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ. ತಪ್ಪು ಬ್ಯಾಫಲ್‌ದಲ್ಲ, ಮಸಿಯದು.

ಬ್ಯಾಕ್ ಪ್ರೆಶರ್ ಮಾತಿನ ಮೂಲವೂ ಇಲ್ಲೇ ಇದೆ. ಆರ್‌ಎಕ್ಸ್‌ನಂಥ ಬೈಕಿನ ಪೈಪಿನ ಬಾಲ ಕತ್ತರಿಸಿದರೆ, ಬ್ಯಾಫಲ್ ಕಿತ್ತರೆ, ಎಳೆತ ಕಮ್ಮಿಯಾಗೋದು ನಿಜ. ಅಲೆಯ ಲೆಕ್ಕ ತಪ್ಪಿತಲ್ಲ! ಬಾಲ ತೀರಾ ಕಿರಿದಾದರೆ ಎಂಜಿನ್ ಕಾದು ಪಿಸ್ಟನ್ನೇ ತೂತಾಗಬಹುದು. ಫೋರ್ ಸ್ಟ್ರೋಕಿನಲ್ಲಂತೂ ಹೊಗೆಗೆ ನಿರಂತರ ಅಡ್ಡಿ ಯಾವತ್ತಿದ್ದರೂ ನಷ್ಟವೇ. ಬುಲೆಟ್ಟಿಗೆ ದಪ್ಪ ಪೈಪ್ ಹಾಕಿ ಎಳೆತ ಕಳೆದುಕೊಂಡವರು "ಬ್ಯಾಕ್ ಪ್ರೆಶರ್ ಹೋಯ್ತು" ಅಂತಾರೆ. ಹೋಗಿದ್ದು ಹೊಗೆಯ ವೇಗ, ಅಲೆಯ ಸಮಯ; ಮೇಲಿಂದ ಕಾರ್ಬ್ಯುರೇಟರ್ ಜೆಟ್ ಬದಲಾಯಿಸದೆ ಬಿಟ್ಟದ್ದರಿಂದ ಪೆಟ್ರೋಲ್ ಸಾಲದೆ ಹೋಗಿದ್ದು. ಮೆಕ್ಯಾನಿಕ್ ಕಂಡ ರೋಗ ಸರಿ, ಇಟ್ಟ ಹೆಸರು ಬೇರೆ.

1996ರಲ್ಲಿ ಕಾಡೆನ್ ತೀರಿಕೊಂಡ. ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದೂ, ಮೈಸೂರಿನ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಈಗ ನಮ್ಮ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುತ್ತಾರೆ. ಅದಕ್ಕೆ ಆಧಾರವಾದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಸೈಲೆನ್ಸರ್ ಅಂದರೇನು ಅಂತ ವಿವರಿಸುತ್ತೆ. ಎಕ್ಸ್‌ಪಾನ್ಷನ್ ಚೇಂಬರ್ ಮೂಲಕವೋ ಬೇರೆ ರೀತಿಯಲ್ಲೋ ಸದ್ದು ತಗ್ಗಿಸುವ ಸಾಧನವಂತೆ. ಕಾಡೆನ್‌ನ ಕಿವಿಗಡಚಿಕ್ಕುವ ಪೈಪಿಗೆ ಜಗತ್ತು ಇಟ್ಟ ಹೆಸರೂ ಎಕ್ಸ್‌ಪಾನ್ಷನ್ ಚೇಂಬರ್ ಅಂತಲೇ.