ಸ್ಟೀರಿಂಗ್ ಮೇಲೆ ಎರಡು ಕೈ

1995ರ ಜುಲೈ 31ರಂದು ಆಗಿನ ಕಲ್ಕತ್ತದ ರೈಟರ್ಸ್ ಬಿಲ್ಡಿಂಗ್‌ನಿಂದ ಮುಖ್ಯಮಂತ್ರಿ ಜ್ಯೋತಿ ಬಸು ಒಂದು ಕರೆ ಮಾಡಿದರು. ದೆಹಲಿಯ ಸಂಚಾರ ಭವನದಲ್ಲಿ ಅದನ್ನು ತೆಗೆದುಕೊಂಡವರು ಕೇಂದ್ರ ದೂರಸಂಪರ್ಕ ಸಚಿವ ಸುಖ್ ರಾಮ್. ಭಾರತದ ಮೊದಲ ಮೊಬೈಲ್ ಕರೆ ಎಂದು ಇತಿಹಾಸದಲ್ಲಿ ನಿಂತಿರುವುದು ಅದೇ. ಆಗ ಹೆಚ್ಚು ಬೇಡಿಕೆಯ ಹೊತ್ತಿನಲ್ಲಿ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು. ಮಾಡಿದವರು ಕೊಡಬೇಕು, ತೆಗೆದುಕೊಂಡವರೂ ಕೊಡಬೇಕು. ಹಾಗಾಗಿ ಆ ದಿನಗಳಲ್ಲಿ ದೆಹಲಿಯ ರಿಂಗ್ ರೋಡಿನಲ್ಲಿ ಕಾರು ಓಡಿಸುತ್ತ ಹರಟೆ ಹೊಡೆಯುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಫೋನು ಬಂದರೆ ನಂಬರು ನೋಡಿ, ಎಸ್‌ಟಿಡಿ ಬೂತ್ ಕಂಡಲ್ಲಿ ಕಾರು ನಿಲ್ಲಿಸಿ, ಒಂದೆರಡು ರೂಪಾಯಿಯಲ್ಲಿ ತಿರುಗಿ ಕರೆ ಮಾಡುವುದು ಜಾಣತನ. ರಸ್ತೆ ಸುರಕ್ಷತೆಗಾಗಿ ಯಾರೂ ಆ ದರವನ್ನು ಇಟ್ಟಿರಲಿಲ್ಲ, ಆದರೆ ಕೆಲವು ವರ್ಷ ಅದು ಆ ಕೆಲಸವನ್ನೂ ಮಾಡಿತು.

2003ರ ಮೇ ತಿಂಗಳಲ್ಲಿ ಒಳಬರುವ ಕರೆಗಳು ಉಚಿತವಾದವು. ಅಲ್ಲಿಂದ ಲೆಕ್ಕ ತಲೆಕೆಳಗಾಯಿತು. ದೆಹಲಿಗೆ ಇನ್ನೊಂದು ವಿಶೇಷವೂ ಇತ್ತು. ದೂರಸಂಪರ್ಕ ಇಲಾಖೆಯ ನಕ್ಷೆಯಲ್ಲಿ ಗುಡಗಾಂವ್, ಫರೀದಾಬಾದ್, ನೋಯ್ಡಾ, ಗಾಜಿಯಾಬಾದ್ ಎಲ್ಲವೂ ದೆಹಲಿ ವಲಯಕ್ಕೇ ಸೇರಿದ್ದವು. ಹರಿಯಾಣಕ್ಕೆ ದಾಟಿದರೂ ಉತ್ತರ ಪ್ರದೇಶಕ್ಕೆ ದಾಟಿದರೂ ರೋಮಿಂಗ್ ಇಲ್ಲ. ಮೂರು ಸರ್ಕಾರ, ಮೂರು ಪೊಲೀಸು, ಮೂರು ಬಗೆಯ ನಂಬರ್ ಪ್ಲೇಟು ಇದ್ದ ಪ್ರದೇಶ ಮೊಬೈಲ್ ಫೋನಿಗೆ ಮಾತ್ರ ಒಂದೇ ಊರು. ರಾಜಧಾನಿ ವಲಯ ಎಂಬುದನ್ನು ಯೋಜನಾ ಮಂಡಳಿಗಿಂತ ಮೊದಲು ನಿಜ ಮಾಡಿದ್ದು ಸಿಮ್ ಕಾರ್ಡು ಎಂದರೆ ಉತ್ಪ್ರೇಕ್ಷೆಯೇನಲ್ಲ.

ರಸ್ತೆಗಳೂ ಅದೇ ಹೊತ್ತಿಗೆ ಉದ್ದವಾದವು. ಯಮುನೆಯ ಮೇಲೆ ನೋಯ್ಡಾಕ್ಕೆ ಹೋಗುವ ಡಿಎನ್‌ಡಿ ರಸ್ತೆ 2001ರಲ್ಲಿ ತೆರೆಯಿತು. 2008ರ ಜನವರಿಯಲ್ಲಿ ಸುಮಾರು 28 ಕಿಲೋಮೀಟರಿನ ದೆಹಲಿ–ಗುಡಗಾಂವ್ ಎಕ್ಸ್‌ಪ್ರೆಸ್‌ವೇ ತೆರೆಯಿತು. ಗಡಿಯ ಸಿರಹೌಲ್‌ನಲ್ಲಿ 32 ಲೇನಿನ ಟೋಲ್ ಗೇಟು. ಟೋಲಿನ ಸಾಲಿನಲ್ಲಿ ಕಾಯುವ ಹೊತ್ತು, ಮುಂದೆ ನೇರ ರಸ್ತೆ, ಕೈಯಲ್ಲಿ ಪುಕ್ಕಟೆ ಫೋನು. ಹೀಗೆ ಕಾರು ದೆಹಲಿಯವರ ಎರಡನೆಯ ಆಫೀಸಾಯಿತು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಕತ್ತು ಓರೆ ಮಾಡಿ ಗೇರು ಬದಲಿಸುವ ಭಂಗಿ ಆ ಕಾಲದ ಕಾರುಗಳನ್ನು ಕಂಡವರಿಗೆಲ್ಲ ನೆನಪಿರುತ್ತದೆ.

ಕಾನೂನು ಆಗ ಏನು ಹೇಳುತ್ತಿತ್ತು? 1988ರ ಮೋಟಾರು ವಾಹನ ಕಾಯ್ದೆ ಬಂದಾಗ ದೇಶದಲ್ಲಿ ಮೊಬೈಲೇ ಇರಲಿಲ್ಲ. ಅದರ 184ನೇ ಕಲಂ ಅಪಾಯಕಾರಿ ಚಾಲನೆಯ ಬಗ್ಗೆ ಸಾಮಾನ್ಯ ಮಾತಿನಲ್ಲಿ ಹೇಳಿ ಬಿಟ್ಟಿತ್ತು. 1989ರ ಕೇಂದ್ರ ನಿಯಮಗಳ 21ನೇ ನಿಯಮದಲ್ಲಿ ಲೈಸೆನ್ಸ್ ಅಮಾನತಿಗೆ ಕಾರಣವಾಗುವ ಕೃತ್ಯಗಳ ಪಟ್ಟಿಯಿದೆ. ಆಮೇಲೆ ಅದಕ್ಕೆ ಇಪ್ಪತ್ತೈದನೆಯದಾಗಿ ಸೇರಿದ್ದು, ವಾಹನ ಚಲಾಯಿಸುವಾಗ ಮೊಬೈಲ್ ಫೋನ್ ಬಳಸುವುದು. ಪದಗಳನ್ನು ಗಮನಿಸಬೇಕು. ‘ಬಳಸುವುದು’ ಎಂದಿದೆ, ಕೈಯಲ್ಲಿ ಹಿಡಿದು ಎಂದಿಲ್ಲ. ಅಕ್ಷರಶಃ ಓದಿದರೆ ಇಯರ್‌ಫೋನಿನಲ್ಲಿ ಮಾತಾಡುವುದೂ ಬಳಕೆಯೇ. ಈ ಕೈಯ ವಿಷಯ ಮುಂದೆ ಮತ್ತೆ ಬರುತ್ತದೆ.

ಜನರಿಗೆ ಮಾತ್ರ ಸಮಸ್ಯೆ ಕೈಯದೇ ಆಗಿತ್ತು. ಕೈ ಬಿಡಿಸಿಕೊಳ್ಳಲು ಮೊದಲು ಸಿಕ್ಕಿದ್ದು ಕರೋಲ್ ಬಾಗ್‌ನ ಗಫಾರ್ ಮಾರ್ಕೆಟ್ಟಿನ ಅಗ್ಗದ ಇಯರ್‌ಫೋನು, ಆಮೇಲೆ ಕಿವಿಗೆ ಜೋತುಬೀಳುವ ಬ್ಲೂಟೂತ್ ಹೆಡ್‌ಸೆಟ್ಟು. ಬ್ಲೂಟೂತ್ ಹುಟ್ಟಿದ್ದು 1990ರ ದಶಕದಲ್ಲಿ, ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ. ಹತ್ತನೆಯ ಶತಮಾನದ ಡೆನ್ಮಾರ್ಕ್ ದೊರೆ ಹರಾಲ್ಡನ ಅಡ್ಡಹೆಸರನ್ನು ಅದಕ್ಕೆ ಇಟ್ಟರು. ಫೋನೂ ಕಾರೂ ಒಂದಕ್ಕೊಂದು ಮಾತಾಡಲು ಅದರಲ್ಲಿ ಒಂದು ಪ್ರತ್ಯೇಕ ಕಟ್ಟಳೆಯಿದೆ, ಹೆಸರು ಹ್ಯಾಂಡ್ಸ್-ಫ್ರೀ ಪ್ರೊಫೈಲ್.

ಇಷ್ಟು ಆಗುವ ಹೊತ್ತಿಗೆ ಕೈ ಬಿಡುವು ಮಾಡಿಕೊಡುತ್ತೇವೆ ಎಂದು ಎರಡು ಸಾಧನಗಳು ಮುಂದೆ ಬಂದವು. ಒಂದು ಕಾರಿನೊಳಗೇ ಹುದುಗಿ ಬಂದದ್ದು, ಇನ್ನೊಂದು ಮುಂಗಾಜಿಗೆ ಅಂಟಿಸುವ ಜಿಪಿಎಸ್ ಪೆಟ್ಟಿಗೆ.

ಪೆಟ್ಟಿಗೆಯದು ದೊಡ್ಡ ಕಥೆ. ಅಮೆರಿಕ ತನ್ನ ಉಪಗ್ರಹ ಸಂಕೇತವನ್ನು ನಾಗರಿಕರಿಗೆ ಬೇಕೆಂದೇ ಮಸುಕು ಮಾಡಿ ಕೊಡುತ್ತಿದ್ದ ಪದ್ಧತಿ 2000ದ ಮೇ ಆರಂಭದಲ್ಲಿ ನಿಂತಿತು. ಅದಕ್ಕೂ ಮುಂಚೆ ನೂರು ಮೀಟರಿನಷ್ಟು ತಪ್ಪು ಬರಬಹುದಿತ್ತು. ಅಷ್ಟು ತಪ್ಪಾದರೆ ಫ್ಲೈಓವರಿನ ಈಚೆ ಇದ್ದೀರೋ ಆಚೆ ಇದ್ದೀರೋ ಹೇಳಲಾಗದು. ಸಂಕೇತ ಸರಿಯಾದರೆ ಸಾಲದು, ನಕ್ಷೆಯೂ ಬೇಕು. ನಕ್ಷೆಯ ಮೇಲೆ ಸರ್ಕಾರದ ಬಿಗಿ ಹಿಡಿತವಿದ್ದ ದೇಶದಲ್ಲಿ ಆ ಕೆಲಸವನ್ನು ಖಾಸಗಿಯಾಗಿ ಕೈಗೆತ್ತಿಕೊಂಡವರಲ್ಲಿ ರಾಕೇಶ್ ಮತ್ತು ರಶ್ಮಿ ವರ್ಮಾ ದಂಪತಿ ಮುಖ್ಯರು. 1995ರಲ್ಲಿ, ಅಂದರೆ ಆ ಮೊದಲ ಮೊಬೈಲ್ ಕರೆಯ ವರ್ಷವೇ, ದೆಹಲಿಯಲ್ಲಿ ಅವರು ಕಟ್ಟಿದ ಕಂಪನಿ ಆಮೇಲೆ ಮ್ಯಾಪ್‌ಮೈಇಂಡಿಯಾ ಎಂದು ಹೆಸರಾಯಿತು. ಓಖ್ಲಾದಿಂದ ಅವರ ನ್ಯಾವಿಗೇಟರ್ ಪೆಟ್ಟಿಗೆಗಳು ಹೊರಬಂದವು. ಹೈದರಾಬಾದಿನಿಂದ ಸ್ಯಾಟ್‌ಗೈಡ್, ಹೊರಗಿನಿಂದ ಗಾರ್ಮಿನ್ ಕೂಡ ಬಂದವು.

ದೆಹಲಿಯಲ್ಲಿ ಈ ಪೆಟ್ಟಿಗೆಯ ಅಗತ್ಯ ಎಷ್ಟಿತ್ತು ಎಂಬುದು ಆ ಊರಿನ ವಿಳಾಸ ಓದಿದರೆ ತಿಳಿಯುತ್ತದೆ. ಬೆಂಗಳೂರಿನವರು ಮೇನು ಕ್ರಾಸುಗಳಿಗೆ ಬೈದುಕೊಳ್ಳುತ್ತಾರೆ. ದೆಹಲಿಯಲ್ಲಿ ಸೆಕ್ಟರು, ಅದರೊಳಗೆ ಬ್ಲಾಕು, ಅದರೊಳಗೆ ಪಾಕೆಟ್ಟು, ಆಮೇಲೆ ರಾತ್ರಿ ಬೀಗ ಬೀಳುವ ಕಾಲೊನಿ ಗೇಟುಗಳು. ವಸಂತ ಕುಂಜ್, ದ್ವಾರಕಾ, ರೋಹಿಣಿಗಳಲ್ಲಿ ಪಾನ್ ಅಂಗಡಿಯವನನ್ನು ಕೇಳದೆ ಮನೆ ಹುಡುಕುವವರು ಅಪರೂಪ. ಪಾನ್ ಅಂಗಡಿ ಸಿಗದಿದ್ದರೆ ಹೋಗಬೇಕಾದ ಮನೆಗೇ ಫೋನು. ದಾರಿ ಹುಡುಕುವುದೂ ಫೋನಿನಲ್ಲಿ ಮಾತಾಡುವುದೂ ದೆಹಲಿಯ ಚಾಲಕನಿಗೆ ಬಹುಪಾಲು ಒಂದೇ ಕೆಲಸವಾಗಿತ್ತು. ಎರಡನ್ನೂ ಒಂದೇ ಪೆಟ್ಟಿಗೆ ಮಾಡಿಕೊಡುತ್ತದೆ ಎಂಬ ಮಾತು ಅಲ್ಲಿ ಬಲುಬೇಗ ರುಚಿಸಿದ್ದು ಅದಕ್ಕೇ. 2005–06ರ ಟಾಮ್‌ಟಾಮ್, ಗಾರ್ಮಿನ್ ಪೆಟ್ಟಿಗೆಗಳಲ್ಲಾಗಲೇ ಬ್ಲೂಟೂತ್ ಕರೆಯ ಸೌಲಭ್ಯವಿತ್ತು.

ಅಂಗಡಿಯಲ್ಲಿ ಕೇಳಲು ಸೊಗಸಾಗಿದ್ದ ಮಾತು ರಸ್ತೆಯಲ್ಲಿ ಅಷ್ಟು ಸೊಗಸಾಗಿರಲಿಲ್ಲ. ಪೆಟ್ಟಿಗೆಯ ಸ್ಪೀಕರು ಬೆರಳಗಲದ್ದು. ಎಸಿ ಜೋರಾಗಿಟ್ಟರೆ, ಪಕ್ಕದ ಬಸ್ಸು ಹಾರ್ನ್ ಹೊಡೆದರೆ ಕೇಳುತ್ತಿರಲಿಲ್ಲ. ಮೈಕೂ ಅದರೊಳಗೇ, ಬಾಯಿಂದ ಒಂದು ಮೊಳ ದೂರದಲ್ಲಿ, ಗಾಜಿನ ಸದ್ದಿಗೆ ಹತ್ತಿರದಲ್ಲಿ. ಕರೆ ಬಂದಾಗ ದಾರಿ ಹೇಳುವ ದನಿ ಕರೆಗೆ ಜಾಗ ಬಿಟ್ಟು ಹಿಂದೆ ಸರಿಯಬೇಕು. ಎರಡಕ್ಕೂ ಇರುವುದು ಒಂದೇ ಬಾಯಿ. ಹೀಗಾಗಿ ಧೌಲಾ ಕುವಾಂನ ಕವಲುಗಳ ನಡುವೆ ಕರೆ ಬಂತೆಂದರೆ ಎಡಕ್ಕೋ ಬಲಕ್ಕೋ ಎಂಬುದು ದೈವಕ್ಕೆ ಬಿಟ್ಟದ್ದು. ಮೇ ತಿಂಗಳ ಬಿಸಿಲಿಗೆ ರಬ್ಬರು ಬಟ್ಟಲು ಸಡಿಲಗೊಂಡು ಪೆಟ್ಟಿಗೆ ಗೇರಿನ ಬುಡಕ್ಕೆ ಬೀಳುವುದೂ ಇತ್ತು. ಇಳಿದು ಹೋಗುವಾಗ ಕಿತ್ತು ಜೇಬಿಗೆ ಹಾಕಿಕೊಂಡರೂ ಗಾಜಿನ ಮೇಲೆ ಉಳಿಯುವ ದುಂಡು ಗುರುತು, ಈ ಕಾರಿನೊಳಗೆ ಹತ್ತು-ಇಪ್ಪತ್ತು ಸಾವಿರದ ವಸ್ತು ಇರಬಹುದು ಎಂದು ಕಳ್ಳನಿಗೆ ತಿಳಿಸುತ್ತಿತ್ತು.

ಒಳಗೇ ಹುದುಗಿದ ಬ್ಲೂಟೂತ್‌ನಲ್ಲಿ ಈ ತಾಪತ್ರಯಗಳಿಲ್ಲ. ಮೈಕು ಚಾವಣಿಯಲ್ಲಿ, ತಲೆಯ ಹತ್ತಿರ. ಮಾತು ಕೇಳುವುದು ಬಾಗಿಲಿನ ದೊಡ್ಡ ಸ್ಪೀಕರುಗಳಲ್ಲಿ. ಕರೆ ಬಂದರೆ ಹಾಡು ತಾನಾಗಿ ನಿಲ್ಲುತ್ತದೆ. ಆ ಕಾರಿನ ಒಳಗಿನ ಪ್ರತಿಧ್ವನಿಗೆ ತಕ್ಕಂತೆ ಅದನ್ನು ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. 2009ರಲ್ಲಿ ಭಾರತಕ್ಕೆ ಬಂದ ಫಿಯಟ್ ಲೀನಿಯಾದಲ್ಲಿ ಮೈಕ್ರೋಸಾಫ್ಟ್ ಜೊತೆ ಸೇರಿ ಮಾಡಿದ ಬ್ಲೂ ಅಂಡ್ ಮೀ ಇತ್ತು. 2010ರ ಫೋರ್ಡ್ ಫಿಗೊ ಆ ಸೌಲಭ್ಯವನ್ನು ಸಣ್ಣ ಕಾರಿಗೂ ಇಳಿಸಿತು, ಆದರೆ ಮೇಲ್ದರ್ಜೆಯ ಮಾದರಿಗೆ ಮಾತ್ರ. ಈ ‘ಮಾತ್ರ’ದಲ್ಲೇ ತೊಡಕು. ಬ್ಲೂಟೂತ್ ಬೇಕೆಂದರೆ ಅದರ ಜೊತೆ ಕಟ್ಟಿದ ಬೇರೆಲ್ಲ ಅಲಂಕಾರಕ್ಕೂ ದುಡ್ಡು ಕೊಡಬೇಕು. ಏರ್‌ಬ್ಯಾಗ್ ಇಲ್ಲದ ಕಾರುಗಳು ರಾಜಾರೋಷವಾಗಿ ಮಾರಾಟವಾಗುತ್ತಿದ್ದ ಕಾಲದಲ್ಲಿ ಕರೆಯ ಗುಂಡಿ ಸುರಕ್ಷತೆಯ ಹೆಸರಿನಲ್ಲಿ ಮಾರಾಟಕ್ಕಿತ್ತು. ಹಳೆಯ ಕಾರಿನವರು ಕಶ್ಮೀರಿ ಗೇಟು, ಕರೋಲ್ ಬಾಗ್‌ಗಳಲ್ಲಿ ಸ್ಟೀರಿಯೊ ಬದಲಿಸಿಕೊಂಡರು, ಇಲ್ಲವೇ ಪೆಟ್ಟಿಗೆಗೇ ಹೊಂದಿಕೊಂಡರು.

ಡ್ರೈವರ್ ಇಟ್ಟುಕೊಂಡವರ ಪಾಡು ಬೇರೆ. ಹಿಂದಿನ ಸೀಟಿನ ಯಜಮಾನರ ಫೋನು ಕಾರಿನ ಬ್ಲೂಟೂತ್‌ಗೆ ಜೋಡಿಯಾಗಿದ್ದರೆ ಅವರ ಬ್ಯಾಂಕಿನ ಮಾತು, ಬೀಗರ ಮಾತು ಎಲ್ಲ ನಾಲ್ಕೂ ಬಾಗಿಲಿಂದ ಡ್ರೈವರ್ ಕಿವಿಗೆ.

ಎರಡಕ್ಕೂ ಸಮಾನವಾದ ಒಂದು ಕುಂದು ಇತ್ತು, ಅದನ್ನು ಯಾವ ಜಾಹೀರಾತೂ ಹೇಳಲಿಲ್ಲ. ಆ ಕಾಲದ ಹ್ಯಾಂಡ್ಸ್-ಫ್ರೀ ದನಿಯನ್ನು ಸೆಕೆಂಡಿಗೆ 8,000 ಮಾದರಿಗಳಷ್ಟೇ ತೆಗೆದು ಸಾಗಿಸುತ್ತಿತ್ತು. ಅಂದರೆ 4,000 ಹರ್ಟ್ಸ್‌ಗಿಂತ ಮೇಲಿನ ಸದ್ದು ದಾಟುವುದೇ ಇಲ್ಲ. ಸ್ವರಗಳಿಗೆ ಅದು ಸಾಕು, ಆದರೆ ‘ಸ’ಕಾರದ ಸಿಳ್ಳಿನ ಹೆಚ್ಚಿನ ಬಲ ಇರುವುದು ಅದಕ್ಕಿಂತ ಮೇಲೆ. ನೋಯ್ಡಾದಲ್ಲಿ ಸೆಕ್ಟರ್ 7 ಇದೆ, 8 ಇದೆ, 60 ಇದೆ. ಹಿಂದಿಯಲ್ಲಿ ಸಾತ್, ಆಠ್, ಸಾಠ್. ಸಾಠ್‌ನ ‘ಸ’ ಮಸುಕಾದರೆ ಆಠ್. ಕೊನೆಯ ಠಕಾರ ಹಾರ್ನಿನಲ್ಲಿ ಮುಳುಗಿದರೆ ಸಾತ್. ದಕ್ಷಿಣದಿಂದ ಬಂದು ಹಿಂದಿ ಕಲಿತವರಿಗೆ ಎದುರಿಗೆ ನಿಂತು ಹೇಳಿದರೂ ತೊಡಕಾಗುವ ಈ ಮೂರು ಪದಗಳನ್ನು, ಚಲಿಸುವ ಕಾರಿನಲ್ಲಿ, ಅರ್ಧ ಕತ್ತರಿಸಿದ ದನಿಯಲ್ಲಿ ಬಿಡಿಸಿಕೊಳ್ಳಬೇಕು. ಕೈ ಎರಡೂ ಸ್ಟೀರಿಂಗ್ ಮೇಲೆಯೇ ಇರುತ್ತವೆ. ತಲೆ ಮಾತ್ರ ‘ಏನಂದ್ರಿ, ಇನ್ನೊಮ್ಮೆ ಹೇಳಿ’ ಎಂಬಲ್ಲಿರುತ್ತದೆ.

ಇದು ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ. 1997ರಲ್ಲೇ ಕೆನಡಾದ ಡೊನಾಲ್ಡ್ ರೆಡೆಲ್ಮಯರ್ ಮತ್ತು ರಾಬರ್ಟ್ ಟಿಬ್‌ಶಿರಾನಿ, ಟೊರಾಂಟೊದಲ್ಲಿ ಡಿಕ್ಕಿಗೆ ಸಿಕ್ಕಿದ 699 ಚಾಲಕರ ಫೋನ್ ಬಿಲ್ಲುಗಳನ್ನು ತೆಗೆದು ನೋಡಿದ್ದರು. ಅದೇ ಚಾಲಕ ಹಿಂದಿನ ದಿನ ಅದೇ ಹೊತ್ತಿನಲ್ಲಿ ಏನು ಮಾಡುತ್ತಿದ್ದ ಎಂಬುದರ ಜೊತೆ ಹೋಲಿಸಿದರು. ಫೋನು ಬಳಸುವಾಗ ಡಿಕ್ಕಿಯ ಸಾಧ್ಯತೆ ಸುಮಾರು ನಾಲ್ಕು ಪಟ್ಟು. ಹ್ಯಾಂಡ್ಸ್-ಫ್ರೀ ಬಳಸಿದವರಿಗೆ ಯಾವ ರಿಯಾಯಿತಿಯೂ ಕಾಣಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಆಸ್ಪತ್ರೆ ಸೇರಿದ ಚಾಲಕರನ್ನು ಹೀಗೆಯೇ ಪರಿಶೀಲಿಸಿದಾಗ ಬಂದ ಉತ್ತರವೂ ನಾಲ್ಕು ಪಟ್ಟು, ಕೈಯಲ್ಲಿ ಹಿಡಿದರೂ ಅಷ್ಟೇ, ಹಿಡಿಯದಿದ್ದರೂ ಅಷ್ಟೇ. 2011ರ ಡಿಸೆಂಬರಿನಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಹ್ಯಾಂಡ್ಸ್-ಫ್ರೀ ಫೋನನ್ನೂ ನಿಷೇಧಿಸಿ ಎಂದು ಶಿಫಾರಸು ಮಾಡಿತು. ಪಕ್ಕದ ಸೀಟಿನವರು ಎದುರಿಗೆ ಲಾರಿ ಬಂದರೆ ಬಾಯಿ ಮುಚ್ಚುತ್ತಾರೆ. ಫೋನಿನ ಆಚೆ ಇರುವವರಿಗೆ ಲಾರಿ ಕಾಣುವುದಿಲ್ಲ. ‘ಕೈಗೆ ಪುರುಸೊತ್ತಿಲ್ಲ’ ಎಂದು ಕನ್ನಡದಲ್ಲಿ ಹೇಳುವಾಗಲೂ ಮಾತು ನಿಜವಾಗಿ ಕೈಯದ್ದಲ್ಲ ಎಂಬುದು ಎಲ್ಲರಿಗೂ ಗೊತ್ತು.

ಪೆಟ್ಟಿಗೆ ಮತ್ತು ಡ್ಯಾಶ್‌ಬೋರ್ಡಿನ ಜಗಳವನ್ನು ಮುಗಿಸಿದ್ದು ಈ ಅಧ್ಯಯನಗಳಲ್ಲ, ಫೋನೇ. 2009ರ ಅಕ್ಟೋಬರಿನಲ್ಲಿ ಗೂಗಲ್ ಅಮೆರಿಕದಲ್ಲಿ ಫೋನಿನೊಳಗೇ ಪುಕ್ಕಟೆಯಾಗಿ ದಾರಿ ಹೇಳುತ್ತೇವೆ ಎಂದ ದಿನ ಗಾರ್ಮಿನ್, ಟಾಮ್‌ಟಾಮ್ ಷೇರುಗಳು ಕುಸಿದವು. 2010ರ ಜನವರಿಯಲ್ಲಿ ನೋಕಿಯಾ ತನ್ನ ನಕ್ಷೆಯನ್ನೂ ಉಚಿತ ಮಾಡಿತು. ಭಾರತದ ಜೇಬುಗಳಲ್ಲಿ ಆಗ ಇದ್ದದ್ದು ಹೆಚ್ಚಾಗಿ ನೋಕಿಯಾವೇ. ಮ್ಯಾಪ್‌ಮೈಇಂಡಿಯಾ ನಿಧಾನವಾಗಿ ಪೆಟ್ಟಿಗೆಯಿಂದ ಡ್ಯಾಶ್‌ಬೋರ್ಡಿಗೆ ದಾಟಿ ಕಾರು ಕಂಪನಿಗಳಿಗೆ ನಕ್ಷೆ ಒದಗಿಸತೊಡಗಿತು. 2021ರ ಡಿಸೆಂಬರಿನಲ್ಲಿ ಷೇರುಪೇಟೆಯನ್ನೂ ಸೇರಿತು. 2013ರಲ್ಲಿ ಊಬರ್ ಬೆಂಗಳೂರಿಗೂ ಆಮೇಲೆ ದೆಹಲಿಗೂ ಬಂದ ಮೇಲೆ ಮುಂಗಾಜಿನ ರಬ್ಬರು ಬಟ್ಟಲು ಟ್ಯಾಕ್ಸಿಗಳಲ್ಲಿ ಮರಳಿ ಬಂತು, ಈ ಸಲ ಫೋನು ಹೊತ್ತುಕೊಂಡು. ಮನೆಯವರಿಗೆ ಐಚ್ಛಿಕವಾಗಿದ್ದ ಆಯ್ಕೆ ಚಾಲಕರಿಗೆ ಹೊಟ್ಟೆಪಾಡಾಯಿತು: ದಾರಿ, ಬಾಡಿಗೆ, ‘ಭೈಯಾ ಕಹಾಂ ಹೋ’ ಎಂಬ ಗಿರಾಕಿಯ ಕರೆ, ಎಲ್ಲವೂ ಒಂದೇ ಪರದೆಯಲ್ಲಿ.

ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯಲ್ಲಿ ಚಾಲಕರ ಮೊಬೈಲ್ ಬಳಕೆಗೆ ಪ್ರತ್ಯೇಕ ಅಂಕಣ ತೆರೆದ 2016ರಲ್ಲಿ 2,138 ಸಾವುಗಳು ಅದರಲ್ಲಿ ದಾಖಲಾದವು. ಆ ವರ್ಷ ರಸ್ತೆಯಲ್ಲಿ ಸತ್ತವರು ಒಟ್ಟು 1,50,785. ಡಿಕ್ಕಿಯಾದ ಮೇಲೆ ಸ್ಥಳಕ್ಕೆ ಬರುವ ಪೊಲೀಸನಿಗೆ ಹೆಲ್ಮೆಟ್ ಇಲ್ಲದ್ದು ಕಾಣುತ್ತದೆ, ಕೈಯಿಂದ ಜಾರಿಬಿದ್ದ ಫೋನೂ ಕಂಡೀತು. ಸ್ಪೀಕರಿನಲ್ಲಿ ನಡೆಯುತ್ತಿದ್ದ ಮಾತು ಕಾಣುವುದಿಲ್ಲ. ಹಾಗಾಗಿ ಆ 2,138ನ್ನು ಕನಿಷ್ಠ ಲೆಕ್ಕವೆಂದೇ ಓದಬೇಕು.

2019ರ ತಿದ್ದುಪಡಿಯಲ್ಲಿ ಕಾಯ್ದೆಗೆ ಕೊನೆಗೂ ಫೋನಿನ ಮಾತು ಬಂತು. ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ 184ನೇ ಕಲಮಿನಲ್ಲಿ ಮೊದಲ ತಪ್ಪಿಗೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದ ಸಜೆ, ಇಲ್ಲವೇ ಎರಡೂ. ಆದರೆ ಅಪಾಯಕಾರಿ ಎಂದು ಅದು ಹೆಸರಿಸಿದ್ದು ಕೈಯಲ್ಲಿ ಹಿಡಿದ ಸಂವಹನ ಸಾಧನದ ಬಳಕೆಯನ್ನು. ಹಳೆಯ ನಿಯಮದಲ್ಲಿ ಇಲ್ಲದ ಕೈ ಕಾಯ್ದೆಯೊಳಗೆ ಬಂದು ಕೂತಿತು. ಮರುವರ್ಷ ಅಕ್ಟೋಬರ್ 1ರಿಂದ ಇನ್ನೊಂದು ವಿನಾಯಿತಿ: ಗಮನ ಕೆಡದ ರೀತಿಯಲ್ಲಿ, ದಾರಿ ನೋಡಲು ಮಾತ್ರವಾದರೆ ಕೈಯ ಸಾಧನವನ್ನೂ ಬಳಸಬಹುದು. ಗಮನ ಎಂಬ ಪದ ಇಲ್ಲಿ ಬಂದಿದೆ, ಅದೂ ನಕ್ಷೆಯ ವಿಷಯದಲ್ಲಿ. ಮಾತಿನ ವಿಷಯದಲ್ಲಿ ಇಲ್ಲ.

ಸಿರಹೌಲ್‌ನ ಟೋಲ್ ಗೇಟನ್ನು 2014ರಲ್ಲೇ ತೆಗೆದರು. ಸಂಜೆ ಏಳರ ಹೊತ್ತಿಗೆ ಅಲ್ಲಿ ಈಗಲೂ ಕಾರುಗಳು ನಿಂತು ನಿಂತು ಸಾಗುತ್ತವೆ, ಒಳಗೆ ಒಬ್ಬೊಬ್ಬರೇ ಇರುವ ಕಾರುಗಳು. ಹೊರಗೆ ನಿಂತ ಟ್ರಾಫಿಕ್ ಪೊಲೀಸನಿಗೆ ಗಾಜಿನಾಚೆ ಕಾಣುವುದು ಸ್ಟೀರಿಂಗ್ ಮೇಲಿನ ಎರಡು ಕೈ, ಆಡುತ್ತಿರುವ ತುಟಿ. ಯಾರೊಂದಿಗೋ ಜಗಳವಾಡುತ್ತಿರುವವನು ಯಾರು, ರೇಡಿಯೋ ಜೊತೆ ಹಾಡುತ್ತಿರುವವನು ಯಾರು ಎಂದು ಅವನಿಗೆ ಹೇಳಲು ಬರುವುದಿಲ್ಲ.