ಕೋಳಿಮರಿಯ ಲಿವರ್, ಬಾಲದಡಿಯ ಚೀಲ

ಚೆನ್ನಾಗಿ ಮೇಯುತ್ತಿದ್ದ ಮೂರ್ನಾಲ್ಕು ವಾರದ ಬ್ರಾಯ್ಲರ್ ಮರಿಗಳು ಒಮ್ಮೆಲೇ ಸಾಯತೊಡಗುತ್ತವೆ. ಕೊಯ್ದು ನೋಡಿದರೆ ಲಿವರ್ ಊದಿ ಬಿಳಚಿಕೊಂಡಿರುತ್ತದೆ, ಅಲ್ಲಲ್ಲಿ ರಕ್ತದ ಚುಕ್ಕೆ. ಅದರ ಜೀವಕೋಶಗಳ ಕೇಂದ್ರದಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವ ಉಂಡೆಗಳಿಂದಲೇ ‘ಇನ್‌ಕ್ಲೂಷನ್ ಬಾಡಿ ಹೆಪಟೈಟಿಸ್’ ಎಂಬ ಹೆಸರು. ಅಮೆರಿಕದ ಹೆಲ್ಮ್‌ಬೋಲ್ಟ್ ಮತ್ತು ಫ್ರೇಜಿಯರ್ 1963ರಲ್ಲಿ ಇದನ್ನು ವರದಿ ಮಾಡಿದರು. ಬೆರಳು ಅಡಿನೋವೈರಸ್‌ನತ್ತ ತಿರುಗಲು ಇನ್ನೊಂದು ದಶಕ ಹಿಡಿಯಿತು. ಆದರೆ ಅದೇ ಬಳಗದ ವೈರಸ್‌ಗಳು ಗಟ್ಟಿಮುಟ್ಟಾದ ಕೋಳಿಗಳಲ್ಲೂ ಸಿಗುತ್ತಿದ್ದವು!

ಈ ಒಗಟಿನ ಸುಳಿವು ಇದ್ದದ್ದು ಲಿವರ್‌ನಲ್ಲಲ್ಲ, ಬಾಲದಡಿಯ ‘ಬರ್ಸಾ’ ಎಂಬ ಪುಟ್ಟ ಚೀಲದಲ್ಲಿ. ಓಹಾಯೋದಲ್ಲಿ ಬ್ರೂಸ್ ಗ್ಲಿಕ್ ಅದನ್ನು ಕತ್ತರಿಸಿ ತೆಗೆದಿದ್ದ ಕೋಳಿಗಳನ್ನು ಸಹಪಾಠಿ ತಿಮೋತಿ ಚಾಂಗ್ ತರಗತಿಯ ಪಾಠಕ್ಕೆಂದು ಕೇಳಿ ಪಡೆದ. ಸಾಲ್ಮೊನೆಲ್ಲಾ ಚುಚ್ಚಿದರೂ ಅವು ಪ್ರತಿಕಾಯ ತಯಾರಿಸಲಿಲ್ಲ. ‘ಸೈನ್ಸ್’ ಪತ್ರಿಕೆ ಬೇಡವೆಂದ, ಈ ಫಲಿತಾಂಶದ ಲೇಖನ 1956ರಲ್ಲಿ ‘ಪೌಲ್ಟ್ರಿ ಸೈನ್ಸ್’ನಲ್ಲಿ ಅಚ್ಚಾಯಿತು. ಇಂದು ವೈದ್ಯಕೀಯದಲ್ಲಿ ಪ್ರತಿಕಾಯ ತಯಾರಿಸುವ ಕೋಶಕ್ಕೆ ‘ಬಿ ಕೋಶ’ ಅನ್ನುವಾಗಿನ ‘ಬಿ’ ಕೋಳಿಯ ಈ ಚೀಲದ್ದೇ.

ಈ ಚೀಲವನ್ನೇ ತಿನ್ನುವುದು ಗಂಬೋರೊ ರೋಗ. ಡೆಲವೇರ್‌ನ ಗಂಬೋರೊ ಊರಿನ ಬಳಿ ಮೊದಲು ಕಂಡದ್ದರಿಂದ ಆ ಹೆಸರು. ಎಳವೆಯಲ್ಲೇ ಅದು ತಗಲಿದ ಮರಿಗಳಿಗೆ ರಾಣಿಖೇತ ರೋಗದ ಲಸಿಕೆ ಸರಿಯಾಗಿ ನಾಟುವುದಿಲ್ಲವೆಂದು 1972ರಲ್ಲಿ ಗೊತ್ತಾಯಿತು. 1976ರಲ್ಲಿ ಫ್ಯಾಡ್ಲಿ ಮತ್ತು ಸಂಗಡಿಗರು, ಮೊದಲು ಗಂಬೋರೊ ತಗಲಿದ್ದ ಮರಿಗಳಲ್ಲಿ ಅಡಿನೋವೈರಸ್ ಲಿವರನ್ನು ಹೆಚ್ಚು ಕೆಡಿಸುತ್ತದೆಂದು ತೋರಿಸಿದರು. ಮೂರು ವರ್ಷದ ಬಳಿಕ ಜಪಾನಿನ ಯುವಾಸಾ ತಂಡ ಮರಿಗಳ ಮೂಳೆಮಜ್ಜೆಯನ್ನೂ ರೋಗನಿರೋಧಕ ಗ್ರಂಥಿಯಾದ ಥೈಮಸ್ಸನ್ನೂ ಬರಿದು ಮಾಡುವ ರಕ್ತಹೀನತೆಯ ವೈರಸ್ಸನ್ನು ಪತ್ತೆಹಚ್ಚಿತು. ಅಡಿನೋವೈರಸ್ ಬರೀ ಹಿಂಬಾಲಕ, ಬಾಗಿಲು ಮುರಿಯುವವರು ಬೇರೆ ಎಂಬ ಮಾತು ಬಲಿಯಿತು. ಸ್ವಲ್ಪ ಅತಿಯಾಗಿಯೇ ಬಲಿಯಿತು ಅನ್ನಬೇಕು.

1987ರಲ್ಲಿ ಕರಾಚಿ ಬಳಿಯ ಅಂಗಾರಾ ಗೋಠ್‌ನ ಶೆಡ್‌ಗಳಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತವು. ಲಿವರ್ ಕೆಟ್ಟಿದ್ದಲ್ಲದೆ ಹೃದಯದ ಸುತ್ತ ನೀರು ತುಂಬಿತ್ತು. ಗಡಿ ದಾಟಿ ಭಾರತಕ್ಕೆ ಬಂದಾಗ ಇದಕ್ಕೆ ‘ಲೀಚಿ ರೋಗ’ ಎಂದರು: ಹೃದಯ ಸಿಪ್ಪೆ ಸುಲಿದ ಲೀಚಿ ಹಣ್ಣಿನಂತೆ ತೋರುತ್ತಿತ್ತು. ಇದರ ಮೂಲ, ಅಡಿನೋವೈರಸ್‌ನ ನಾಲ್ಕನೇ ಬಗೆ. ಅತ್ತ ಆಸ್ಟ್ರೇಲಿಯಾ, ಕೆನಡಾಗಳಲ್ಲೂ ಗಂಬೋರೊದ ಹಂಗಿಲ್ಲದೆ ಲಿವರ್ ರೋಗ ಕಾಣಿಸಿತು. ಕೊನೆಗೆ, ರೋಗಾಣುಮುಕ್ತವಾಗಿ ಸಾಕಿದ ಮರಿಗಳಲ್ಲೂ ನಾಲ್ಕನೇ ಬಗೆಯ ವೈರಸ್ ತಾನೇ ಬರ್ಸಾ, ಥೈಮಸ್‌ಗಳ ಕೋಶಗಳನ್ನು ಕೊಲ್ಲುತ್ತದೆಂದು 2008ರ ಪ್ರಯೋಗ ತೋರಿಸಿತು. ಕಳ್ಳನೇ ಕಾವಲುಗಾರನನ್ನು ಹೊಡೆದು ಹಾಕುತ್ತಿದ್ದ.

ಹಾಗೆಂದು ಗಂಬೋರೊ ನಿರ್ದೋಷಿ ಎಂದಲ್ಲ. ಅಡಿನೋವೈರಸ್‌ನ ಹನ್ನೆರಡು ಬಗೆಗಳಲ್ಲಿ ಎಲ್ಲವೂ ಸಮಾನ ಕ್ರೂರಿಗಳಲ್ಲ. ಸೌಮ್ಯವಾದವಕ್ಕೆ ಇಂದಿಗೂ ಜೊತೆಗಾರ ಬೇಕು. ಮೊಟ್ಟೆಯ ಮೂಲಕವೂ ಮರಿಗೆ ಇಳಿಯುವ ರೋಗವಾದ್ದರಿಂದ ಲಸಿಕೆ ಹಾಕುವುದೂ ಹೆಚ್ಚಾಗಿ ತಾಯಿಕೋಳಿಗೇ. ಅದರ ಪ್ರತಿಕಾಯ ಹಳದಿಯ ಮೂಲಕ ಮರಿಯನ್ನು ಸೇರುತ್ತದೆ. ಒಂದು ದಿನದ ಮರಿ ತಂದು ಶೆಡ್ಡಿಗೆ ಬಿಡುವ ನಮ್ಮ ರೈತ ಆ ತಾಯಿಕೋಳಿಯನ್ನು ನೋಡಿರುವುದೇ ಇಲ್ಲ.